ಹಲ್ಲುನೋವು ಹೇಳಲಾಗದ ಹುಡುಗ

ಕೇಳುಗರಿಗೆಲ್ಲ ನಮಸ್ಕಾರ. ನಾನು ಮಂಡ್ಯದವಳು. ನನ್ನ ಮಗನಿಗೆ ಈಗ 16 ವರ್ಷ. ಅವನಿಗೆ ಆಟಿಸಂ ಇದೆ, ಅಂದರೆ ಬೇರೆಯವರೊಡನೆ ಬೆರೆಯುವುದು, ಸದ್ದು ಬೆಳಕು ತಾಳಿಕೊಳ್ಳುವುದು ಅವನಿಗೆ ಕಷ್ಟ. ಬುದ್ಧಿ ಬೆಳವಣಿಗೆಯೂ ನಿಧಾನ. ಮಾತು ಬರುವುದಿಲ್ಲ. ಮೈಸೂರಿನಲ್ಲಿ 1935ರಲ್ಲಿ ಬಾನುಲಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಮೇಷ್ಟ್ರು. ಮನಸ್ಸಿನ ವಿಷಯ ಮಾತಾಡಲು ಈ ಬಾನುಲಿಗಿಂತ ಒಳ್ಳೆಯ ಜಾಗ ನನಗೆ ಸಿಗುವುದಿಲ್ಲ ಅನ್ನಿಸಿತು. ಅದಕ್ಕೇ ಬಂದೆ.

ನಾಲ್ಕು ವರ್ಷದ ಹಿಂದಿನ ಮಾತು. ರಾತ್ರಿ ಊಟಕ್ಕೆ ಕೂತವನು ತಟ್ಟೆ ತಳ್ಳಿದ. ಮುದ್ದೆ, ಬಸ್ಸಾರು ಎಲ್ಲ ನೆಲದ ಮೇಲೆ. ನಾನು ಗದರಿದೆ. ಎದ್ದವನೇ ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರು ಮಾಡಿದ. ಬಿಡಿಸಲು ಹೋದ ತಂಗಿಯ ಜಡೆ ಹಿಡಿದು ಎಳೆದ. ಅವಳ ಕಿರುಚಾಟ ಕೇಳಿ ಬೀದಿಯವರೆಲ್ಲ ಬಂದರು. ಒಬ್ಬರು ದೃಷ್ಟಿ ಆಗಿದೆ ಅಂದರು. ಇನ್ನೊಬ್ಬರು ಗಾಳಿ ಸೋಕಿದೆ ಅಂದರು. "ಕೈಕಾಲು ಕಟ್ಟಿಬಿಡಕ್ಕ, ಏನಾದ್ರೂ ಮಾಡ್ಕೊಂಡಾನು" ಅಂತ ಮತ್ತೊಬ್ಬರು. ಎಲ್ಲರದ್ದೂ ಕಾಳಜಿಯೇ. ಆದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅವನು ಕಿವಿ ಮುಚ್ಚಿಕೊಂಡು ಇನ್ನೂ ಜೋರಾಗಿ ಚಚ್ಚಿಕೊಂಡ.

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಅಲ್ಲಿ ಕಣ್ಣು ಕುಕ್ಕುವ ಟ್ಯೂಬ್‌ಲೈಟು, ಫಿನಾಯಿಲ್ ವಾಸನೆ, ಗುರುತಿಲ್ಲದ ಮುಖಗಳು. ನಾಲ್ಕು ಜನ ಹಿಡಿದು ಇಂಜೆಕ್ಷನ್ ಕೊಟ್ಟರು. ಬೆಳಗಿನ ಜಾವ ಮನೆಗೆ ಬಂದೆವು. ಯಾಕೆ ಹೀಗಾಯ್ತು ಅಂತ ಯಾರೂ ಕೇಳಲಿಲ್ಲ. ನಾವೂ ಕೇಳಿಕೊಳ್ಳಲಿಲ್ಲ.

ಮೂರನೆಯ ದಿನ ಅವನ ಕೆನ್ನೆ ಊದಿದ್ದು ಕಂಡಿತು. ದವಡೆ ಹಲ್ಲು ಹುಳುಕಾಗಿ ವಸಡಿನಲ್ಲಿ ಕೀವು ತುಂಬಿತ್ತು. ಅಷ್ಟು ದಿನವೂ ನನ್ನ ಮಗ ನೋವು ತಿಂದಿದ್ದ. ಅದನ್ನು ನೆನೆದರೆ ಈಗಲೂ ಕರುಳು ಹಿಂಡುತ್ತದೆ.

ಅವತ್ತು ರಾತ್ರಿ ನಮ್ಮನ್ನು ಆಸ್ಪತ್ರೆಗೆ ಓಡಿಸುವ ಬದಲು, ವಿಷಯ ಗೊತ್ತಿರುವ ಒಬ್ಬರೇ ಒಬ್ಬರು ನಮ್ಮ ಮನೆಗೆ ಬಂದಿದ್ದರೆ? ನಾನು ಇವತ್ತು ಹೇಳಬೇಕೆಂದು ಬಂದಿರುವುದು ಅಷ್ಟೇ.

ಆಮೇಲೆ ಒಬ್ಬ ವಿಶೇಷ ಶಿಕ್ಷಕಿ ನಾಲ್ಕು ಸಲ ನಮ್ಮ ಮನೆಗೇ ಬಂದರು. ಬಂದವರು ಮೊದಲ ದಿನ ಮಗನನ್ನು ಏನೂ ಮಾಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಸುಮ್ನೆ ಕೂತರು. ಕುಕ್ಕರ್ ಕೂಗಿದಾಗ ಅವನ ಹೆಗಲು ಬಿಗಿಯುವುದನ್ನು ನೋಡಿದರು. ಕಿಟಕಿಯ ಕೆಳಗೇ ಕಬ್ಬಿನ ಲಾರಿ ಹೋಗುವುದನ್ನು ಕೇಳಿಸಿಕೊಂಡರು. ಇದೆಲ್ಲ ಯಾವ ಡಾಕ್ಟರ ಕೋಣೆಯಲ್ಲಿ ಕಾಣುತ್ತದೆ, ಹೇಳಿ?

ಗೋಡೆಯ ಕ್ಯಾಲೆಂಡರ್ ತೋರಿಸಿ, ರೇಗಿದ ದಿನ ಅದರ ಮೇಲೇ ಬರೆಯಿರಿ ಅಂದರು. ಅದಕ್ಕೆ ಮುಂಚೆ ಏನಾಯ್ತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು. ಎರಡು ತಿಂಗಳು ಬರೆದೆ. ಜಾಸ್ತಿ ರೇಗಿದ ದಿನಗಳು ಯಾವುವು ಗೊತ್ತಾ? ಎರಡು ಮೂರು ದಿನ ಹೊಟ್ಟೆ ಕಟ್ಟಿಕೊಂಡಿದ್ದ ದಿನಗಳು! ಹಟ ಅಂತ ನಾವು ಬೈಯುತ್ತಿದ್ದದ್ದು ಹೊಟ್ಟೆನೋವು. ಮಾತು ಬಾರದ ಮಗು ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಿಸಿ. ಕೈಮುಗಿದು ಕೇಳುತ್ತೇನೆ.

ಈಗ ಅವನು ರೇಗಿದಾಗ ನಮ್ಮ ಮನೆಯಲ್ಲಿ ಯಾರು ಏನು ಮಾಡಬೇಕೆಂದು ಮೊದಲೇ ಗೊತ್ತಿದೆ. ಮಗಳು ಪಕ್ಕದ ಮನೆಗೆ ಹೋಗುತ್ತಾಳೆ. ಯಜಮಾನರು ಒಲೆ ಆರಿಸಿ, ಈಳಿಗೆಮಣೆ, ಗಾಜಿನ ಸಾಮಾನು ಎತ್ತಿಡುತ್ತಾರೆ, ಲೈಟು ಕಡಿಮೆ ಮಾಡುತ್ತಾರೆ. ನಾನು ಅವನಿಗಿಂತ ತಗ್ಗಿನಲ್ಲಿ, ಕೈಗೆ ಎಟುಕದಷ್ಟು ದೂರ ಕೂರುತ್ತೇನೆ. ಮಾತಾಡುವವಳು ನಾನೊಬ್ಬಳೇ, ಅದೂ ಎರಡೇ ಮಾತು: "ಅಮ್ಮ ಇದೀನಿ." ತಲೆ ಚಚ್ಚಿಕೊಳ್ಳಲು ಶುರು ಮಾಡಿದರೆ ಮಾತ್ರ ಹತ್ತಿರ ಹೋಗಿ, ಗೋಡೆಗೂ ತಲೆಗೂ ನಡುವೆ ದಿಂಬು ಹಿಡಿಯುತ್ತೇನೆ. ಬೋರಲು ಮಲಗಿಸಿ ಬೆನ್ನ ಮೇಲೆ ಕೂರುವುದು, ಅದುಮುವುದು ಬೇಡವೇ ಬೇಡ. ಉಸಿರು ಕಟ್ಟಿ ಜೀವಕ್ಕೇ ಅಪಾಯ. ಮನೆಯಲ್ಲಿರುವ ಮಾತ್ರೆಯನ್ನು ಅಂದಾಜಿನಲ್ಲಿ ಕೊಡುವುದೂ ಬೇಡ. ತಲೆಗೆ ಪೆಟ್ಟಾಗಿ ವಾಂತಿಯಾದರೆ, ಫಿಟ್ಸ್ ಬಂದು 5 ನಿಮಿಷವಾದರೂ ನಿಲ್ಲದಿದ್ದರೆ, ಆಗ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ತಣ್ಣಗಾದ ಮೇಲೆ ನೀರು ಕೊಡುತ್ತೇನೆ. ಯಾಕೆ ಹಿಂಗ್ ಮಾಡ್ದೆ ಅಂತ ಕೇಳುವುದಿಲ್ಲ. ಅವನಿಗೂ ಸುಸ್ತಾಗಿರುತ್ತದೆ, ಭಯವಾಗಿರುತ್ತದೆ. ಆಗ ಚಿತ್ರದ ಕಾರ್ಡುಗಳನ್ನು ಮುಂದಿಡುತ್ತೇನೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ, ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಅಂತೀವಲ್ಲ, ಅಲ್ಲಿಗೆ ರೈಲಿನಲ್ಲಿ ಓಡಾಡಿ ಕಲಿತದ್ದು. ಈಗ ಹಲ್ಲಿನ ಕಾರ್ಡು, ಹೊಟ್ಟೆಯ ಕಾರ್ಡು ಅವನೇ ಎತ್ತಿ ತೋರಿಸುತ್ತಾನೆ.

ಇನ್ನೊಂದು ಮಾತು. ಬುದ್ಧಿ ಬೆಳವಣಿಗೆ ಕುಂದಿರುವುದೇ ಮಾನಸಿಕ ಕಾಯಿಲೆ ಅಲ್ಲ. 2017ರ ಮಾನಸಿಕ ಆರೋಗ್ಯ ಕಾನೂನೂ ಅದನ್ನು ಬೇರೆಯಾಗಿಯೇ ಇಟ್ಟಿದೆ. ಆದರೆ ಅಂಥ ಮಗುವಿಗೆ ಆತಂಕ, ಖಿನ್ನತೆ ಬರಬಾರದು ಅಂತೇನಿಲ್ಲವಲ್ಲ. "ಇವರು ಹಂಗೇ ಬಿಡಿ" ಅಂದುಬಿಟ್ಟರೆ ಆ ನೋವಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ಮಾನಸಿಕ ಕಾಯಿಲೆ ಇರುವವರಿಗೆ ತುರ್ತಿನಲ್ಲಿ ಡಾಕ್ಟರು ಆಸ್ಪತ್ರೆಯ ಹೊರಗೂ ಚಿಕಿತ್ಸೆ ಕೊಡಬಹುದು ಎನ್ನುತ್ತದೆ ಅದೇ ಕಾನೂನು. ಸರಪಳಿ ಹಾಕಿ ಕಟ್ಟುವುದನ್ನು ನಿಷೇಧಿಸಿದೆ.

ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಮನಸ್ಸಿನ ನೋವು ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ. ಕಾಸು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೆ ಅಂತಲೇ ಅಲ್ಲ, ನಿಮಗೋಸ್ಕರವೂ ಮಾಡಿ. ಒಂದು ರಾತ್ರಿ ಎರಡು ಗಂಟೆಗೆ ಬಚ್ಚಲಲ್ಲಿ ಕೂತು ಅಳುತ್ತಾ ನಾನು ಮಾಡಿದ್ದೇನೆ. ಆ ಕಡೆಯ ಹೆಣ್ಣುಮಗಳು ಅವಸರ ಮಾಡದೆ ಕೇಳಿಸಿಕೊಂಡಳು.

ಆದರೂ ಫೋನು ದಿಂಬು ಹಿಡಿಯುವುದಿಲ್ಲ. ಬಾಣಂತಿ, ಎಳೆಕೂಸು ನೋಡಲು ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬರುತ್ತಾಳೆ. ಹಾಗೆಯೇ ತಾಲ್ಲೂಕಿಗೊಂದು ತಂಡ ಬೇಕು. ಒಬ್ಬ ನರ್ಸು, ಒಬ್ಬ ಆಪ್ತ ಸಮಾಲೋಚಕರು, ಒಂದು ಗಾಡಿ. ಕರೆದ ರಾತ್ರಿಯೇ ಬರಬೇಕು, ವಾರ ಬಿಟ್ಟು ಇನ್ನೊಮ್ಮೆ ಬರಬೇಕು. ಇದನ್ನು ಸರ್ಕಾರ ಮಾಡಲೇಬೇಕು. ನಾವು ತಂದೆತಾಯಿಗಳು ಕೇಳುತ್ತಲೇ ಇರುತ್ತೇವೆ.

ಅವತ್ತು ಕಟ್ಟಿಬಿಡಿ ಅಂದರಲ್ಲ, ಅವರು ನಮ್ಮ ಎದುರು ಮನೆಯ ಅಣ್ಣ. ಒಂದು ದಿನ ಅವರನ್ನು ಕೂರಿಸಿಕೊಂಡು ಹಲ್ಲಿನ ವಿಷಯ ಹೇಳಿದೆ. ತುಂಬ ಹೊತ್ತು ಮಾತೇ ಆಡಲಿಲ್ಲ. ಈಗ ಬೋರ್‌ವೆಲ್ ಮೋಟಾರ್ ಹಾಕುವ ಮುಂಚೆ ನಮ್ಮ ಜಗಲಿಯ ಹತ್ತಿರ ಬಂದು, "ಹಾಕ್ತೀನಮ್ಮ" ಅಂತ ಮೆಲ್ಲಗೆ ಹೇಳಿ ಹೋಗುತ್ತಾರೆ. ನನ್ನ ಮಗ ಎದ್ದು ಹೋಗಿ ಕಿಟಕಿ ಹಾಕಿಕೊಳ್ಳುತ್ತಾನೆ.

ನಮಸ್ಕಾರ.