ಕಾರು ಸ್ಟಾರ್ಟ್ ಆಗುತ್ತಿಲ್ಲವೇ? ಬ್ಯಾಟರಿ ಬದಲಿಸುವ ಮುನ್ನ ಇದನ್ನು ನೋಡಿ

[ದೃಶ್ಯ: ಕೀ ತಿರುಗಿಸುತ್ತಿರುವ ಕೈ, ಹಿಂದೆ ಡ್ಯಾಶ್‌ಬೋರ್ಡ್‌ನ ದೀಪಗಳು]

ನಮಸ್ಕಾರ. ಕಾರು ಸ್ಟಾರ್ಟ್ ಆಗಲಿಲ್ಲವೆಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಹೊಸ ಬ್ಯಾಟರಿಯ ಬೆಲೆಯನ್ನು. ಬ್ಯಾಟರಿಯೇ ಕಾರಣವಾಗಿರಬಹುದು, ಆದರೆ ಅದನ್ನು ಅಳೆದು ನೋಡದೆ ಹಣ ಕೊಡುವುದು ಸರಿಯಲ್ಲ. ಸೆಲ್ಫ್ ಹೊಡೆದಾಗ ಎಂಜಿನ್ ತಿರುಗುತ್ತದೆಯೇ ಇಲ್ಲವೇ ಎಂಬುದನ್ನು ಮೊದಲು ಗಮನಿಸಿ. ಎಂಜಿನ್ ತಿರುಗದಿದ್ದರೆ ದೋಷ ಸಾಮಾನ್ಯವಾಗಿ ಬ್ಯಾಟರಿ, ವೈರಿಂಗ್ ಅಥವಾ ಸ್ಟಾರ್ಟರ್ ಮೋಟರಿನಲ್ಲಿರುತ್ತದೆ, ಚೆನ್ನಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಇಂಧನದ ಕಡೆ ಅಥವಾ ಕಿಡಿಯ ಕಡೆ ಹುಡುಕಬೇಕಾಗುತ್ತದೆ.

ತಿರುಗದ ಎಂಜಿನ್ನೂ ಸದ್ದಿನ ಮೂಲಕ ಸುಳಿವು ಕೊಡುತ್ತದೆ. ಟಕಟಕಟಕ ಎಂದು ಬಿಡದೆ ಸದ್ದು ಬಂದು ದೀಪಗಳು ಮಂಕಾದರೆ, ಸ್ಟಾರ್ಟರ್ ಕರೆಂಟ್ ಎಳೆದೊಡನೆ ವೋಲ್ಟೇಜ್ ಕುಸಿದು ಸೊಲೆನಾಯ್ಡ್ (ಸ್ಟಾರ್ಟರ್‌ಗೆ ಕರೆಂಟ್ ಹರಿಸುವ ವಿದ್ಯುತ್ಕಾಂತದ ಸ್ವಿಚ್) ಬಿಟ್ಟುಕೊಳ್ಳುತ್ತಿದೆ, ವೋಲ್ಟೇಜ್ ಏರಿದೊಡನೆ ಮತ್ತೆ ಹಿಡಿಯುತ್ತಿದೆ ಎಂದರ್ಥ. ಒಂದೇ ಸಲ ಟಕ್ ಎಂದು ಸುಮ್ಮನಾಗಿ, ದೀಪಗಳು ಪ್ರಕಾಶಮಾನವಾಗಿಯೇ ಉಳಿದರೆ ಸ್ಟಾರ್ಟರ್ ಮೋಟರಿನ ಮೇಲೆ ಅನುಮಾನ ಪಡಬೇಕು. ಸದ್ದೇ ಇಲ್ಲವೆಂದಾದರೆ ಕ್ಲಚ್ ಪೂರ್ತಿ ಒತ್ತಿದ್ದೀರೋ, ಆಟೋಮ್ಯಾಟಿಕ್ ಗಾಡಿಯಾದರೆ ಗೇರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದೆಯೋ ನೋಡಿ, ಆಮೇಲೆ ಫ್ಯೂಸ್ ಮತ್ತು ರಿಲೇ (ವಿದ್ಯುತ್ತಿನಿಂದಲೇ ಕೆಲಸ ಮಾಡುವ ಸಣ್ಣ ಸ್ವಿಚ್) ಪರೀಕ್ಷಿಸಿ.

[ದೃಶ್ಯ: ಬಾನೆಟ್ ತೆರೆದಿದೆ, ಬ್ಯಾಟರಿಯ ಮೇಲೆ ಮಲ್ಟಿಮೀಟರ್]

ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟ್‌ಗೆ ಇಟ್ಟುಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ರ ಆಸುಪಾಸಿಗೆ ಇಳಿದಿದ್ದರೆ ಅದು ಬಹುತೇಕ ಖಾಲಿಯಾಗಿದೆ. ಆದರೆ ಈ ಒಂದು ಅಳತೆಯನ್ನು ನೆಚ್ಚಿಕೊಳ್ಳಬೇಡಿ. ಸುಮ್ಮನಿದ್ದಾಗ 12.5 ತೋರಿಸುವ ಹಳೆಯ ಬ್ಯಾಟರಿ ಸೆಲ್ಫ್ ಹೊಡೆದ ಕ್ಷಣದಲ್ಲಿ ಕುಸಿದುಬಿಡುವುದುಂಟು. ಆದ್ದರಿಂದ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮನೆಯವರೊಬ್ಬರಿಗೆ ಕೀ ತಿರುಗಿಸಲು ಹೇಳಿ ಮೀಟರ್ ನೋಡುತ್ತಿರಿ. ಆಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯನ್ನು ಚಾರ್ಜ್ ಮಾಡಿಸಿ ಇನ್ನೊಮ್ಮೆ ಪರೀಕ್ಷಿಸಿ. ಆಗಲೂ ಕುಸಿದರೆ ಬದಲಿಸುವುದು ಅನಿವಾರ್ಯ.

ವೋಲ್ಟೇಜ್ ಸರಿಯಿದ್ದೂ ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೆ ಟರ್ಮಿನಲ್ ನೋಡಬೇಕು. ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬದ ನಡುವೆ ಊರಿ, ಇನ್ನೊಂದನ್ನು ಅದನ್ನು ಹಿಡಿದಿರುವ ಕ್ಲ್ಯಾಂಪ್‌ಗೆ ತಾಗಿಸಿ, ಮತ್ತೆ ಸೆಲ್ಫ್ ಹೊಡೆಸಿ. ಇವೆರಡರ ನಡುವೆ ಅಂತರ ಒಂದು ಕೂದಲೆಳೆಯಷ್ಟೂ ಇಲ್ಲದ ಕಾರಣ ಮೀಟರ್ ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸಬೇಕು. ಅರ್ಧ ವೋಲ್ಟ್ ಬಂದರೆ ಸ್ಟಾರ್ಟರ್‌ಗೆ ಸೇರಬೇಕಾದ ಶಕ್ತಿ ಆ ಕೂಡಿಕೆಯಲ್ಲೇ ಪೋಲಾಗುತ್ತಿದೆ. ಹೊರಗೆ ಬಿಳಿ ಅಥವಾ ಹಸಿರು ಪುಡಿ ಕಾಣದಿದ್ದರೂ ಒಳಮೈಯಲ್ಲಿ ಕಿಲುಬು ಕೂತಿರಬಹುದು. ನನ್ನ ಅಭಿಪ್ರಾಯದಲ್ಲಿ ಬ್ಯಾಟರಿ ಖರೀದಿಸುವ ಮುನ್ನ ಪ್ರತಿಯೊಬ್ಬರೂ ಮಾಡಲೇಬೇಕಾದ ಪರೀಕ್ಷೆ ಇದು.

[ದೃಶ್ಯ: ಸ್ಪ್ಯಾನರಿನಿಂದ ನೆಗೆಟಿವ್ ಕ್ಲ್ಯಾಂಪ್ ಸಡಿಲಿಸುವುದು]

ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಈ ಕ್ರಮ ತಪ್ಪಿದರೆ ಪಾಸಿಟಿವ್‌ಗೆ ಹಾಕಿದ ಸ್ಪ್ಯಾನರ್ ಬಾಡಿಗೆ ತಗುಲಿ ಶಾರ್ಟ್ ಆಗುವ ಅಪಾಯವಿದೆ. ಅಡುಗೆ ಸೋಡಾ ಬೆರೆಸಿದ ನೀರಿನಿಂದ ಕಿಲುಬು ತೊಳೆದು, ಒಣಗಿಸಿ, ಮರಳು ಕಾಗದದಿಂದ ಉಜ್ಜಿ ಬಿಗಿಯಾಗಿ ಜೋಡಿಸಿ. ಎಂಜಿನ್‌ಗೆ ಹೋಗುವ ಅರ್ತ್ ಕೇಬಲ್ಲನ್ನೂ ಇದೇ ರೀತಿ ಪರೀಕ್ಷಿಸಬಹುದು.

ಇನ್ನು ಎಂಜಿನ್ ತಿರುಗಿಯೂ ಸ್ಟಾರ್ಟ್ ಆಗದ ಸಂದರ್ಭ. ಪೆಟ್ರೋಲ್ ಕಾರಿನಲ್ಲಿ ಕೀ ಆನ್ ಮಾಡಿದೊಡನೆ ಹಿಂದಿನ ಸೀಟಿನ ಕೆಳಗಿನಿಂದ ಸುಮಾರು ಎರಡು ಸೆಕೆಂಡು ಫ್ಯುಯೆಲ್ ಪಂಪಿನ ಗುಂಯ್ ಎನ್ನುವ ಸದ್ದು ಸಾಮಾನ್ಯವಾಗಿ ಕೇಳಿಸುತ್ತದೆ. ಕೇಳಿಸದಿದ್ದರೆ ಪಂಪಿನ ಫ್ಯೂಸ್ ಮತ್ತು ರಿಲೇ ನೋಡಿ. ಸರಿಯಾದ ಕೀಯನ್ನು ಗುರುತಿಸದಿದ್ದರೆ ಎಂಜಿನ್ ಸ್ಟಾರ್ಟ್ ಆಗಲು ಬಿಡದ ಇಮ್ಮೊಬಿಲೈಸರ್‌ನ ದೀಪ ಮಿಣುಕುತ್ತಲೇ ಇದ್ದರೆ ಇನ್ನೊಂದು ಕೀಯಿಂದ ಪ್ರಯತ್ನಿಸಿ. ಇದಾದ ಮೇಲೆ ಡ್ಯಾಶ್‌ಬೋರ್ಡ್ ಕೆಳಗಿನ ಓಬಿಡಿ ಕಿಂಡಿಗೆ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳನ್ನು ಓದುವ ಜಾಗ) ಸ್ಕ್ಯಾನರ್ ಹಾಕಿಸುವುದೇ ಜಾಣತನ. ಪಿ0335 ಎಂಬ ಕೋಡ್ ಬಂದರೆ ಎಂಜಿನ್ ತಿರುಗುವುದನ್ನು ಗ್ರಹಿಸುವ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ ಅಥವಾ ಅದರ ವೈರಿಂಗ್ ಪರೀಕ್ಷಿಸಬೇಕು.

ಜಂಪ್ ಸ್ಟಾರ್ಟ್ ಮಾಡಿ, ಅಂದರೆ ಬೇರೊಂದು ಬ್ಯಾಟರಿಯಿಂದ ಕೇಬಲ್ ಮೂಲಕ ಶಕ್ತಿ ಕೊಟ್ಟು, ಎಂಜಿನ್ ಓಡಿದರೂ ಪರೀಕ್ಷೆ ಮುಗಿಯುವುದಿಲ್ಲ. ಓಡುತ್ತಿರುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಅಷ್ಟು ಬಾರದೆ 12ರಲ್ಲೇ ನಿಂತಿದ್ದರೆ ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಅದು ಖಾಲಿಯಾಗುತ್ತದೆ.

ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿ ಗಾಡಿ ಮುಳುಗಿದ್ದರೆ ಮಾತ್ರ ಇವ್ಯಾವ ಪರೀಕ್ಷೆಯನ್ನೂ ಮಾಡಬೇಡಿ. ಸಿಲಿಂಡರಿನೊಳಗೆ ಸೇರಿದ ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ, ಒಮ್ಮೆ ಸೆಲ್ಫ್ ಹೊಡೆದರೂ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಅಂತಹ ಗಾಡಿಯನ್ನು ಕೀ ಮುಟ್ಟದೆ ಗ್ಯಾರೇಜಿಗೆ ಟೋ ಮಾಡಿಸಿ.