ಬಸ್ಸಿನ ಜೊತೆ ಓಡೋ ಚಂದ್ರ, ರಿವಾಲ್ವರ್ ಮೇಲಿನ ಕೆಂಪು ಚುಕ್ಕಿ

[ಪರದೆ: ಮೇಜಿನ ಮೇಲೆ ಖಾಲಿ ರಿವಾಲ್ವರ್, ಸಿಲಿಂಡರ್ ಹೊರಗೆ ತೆರೆದಿದೆ]

ನಮಸ್ಕಾರ. ದಾವಣಗೆರೆಯ ವೀಕ್ಷಕರೊಬ್ಬರ ಪ್ರಶ್ನೆ: "ಜೇಬಿಗೆ ಹಿಡಿಸೋ ರಿವಾಲ್ವರ್ ಮೇಲೆ ರೆಡ್ ಡಾಟ್ ಕೂರಿಸ್ತಾರಲ್ಲ ಸರ್, ಆ ಲೇಸರ್ ಎಷ್ಟು ದೂರ ಹೋಗುತ್ತೆ?"

ಒಂದಿಂಚೂ ಹೋಗಲ್ಲ. ಅದು ಲೇಸರೇ ಅಲ್ಲ, ಗುರಿ ಹಿಡಿಯೋ ಸೈಟಿನ ಗಾಜಲ್ಲಿ ನಿಮ್ಮ ಕಣ್ಣಿಗೆ ಕಾಣೋ ಕೆಂಪು ಚುಕ್ಕಿ.

ಮೊದಲು, ಈ ಚುಕ್ಕಿ ಯಾಕೆ ಬೇಕು? ಎರಡಿಂಚು ಬ್ಯಾರೆಲ್ಲಿನ ರಿವಾಲ್ವರಲ್ಲಿ ಬ್ಯಾಕ್‌ಸೈಟಿಗೂ (ಗುರಿ ನೋಡೋ ಹಿಂದಿನ ಸೀಳು) ಫೋರ್‌ಸೈಟಿಗೂ (ಮುಂದಿನ ಮುಳ್ಳು) ಇರೋ ಅಂತರ ಸುಮಾರು 10 ಸೆಂ.ಮೀ. ಫೋರ್‌ಸೈಟ್ ಒಂದೇ ಒಂದು ಮಿ.ಮೀ. ಪಕ್ಕಕ್ಕೆ ಸರಿದ್ರೂ 7 ಮೀಟರ್ ದೂರದಲ್ಲಿ ಗುರಿ 7 ಸೆಂ.ಮೀ. ತಪ್ಪುತ್ತೆ. ಅದೇ ತಪ್ಪು 60 ಸೆಂ.ಮೀ. ಅಂತರದ ರೈಫಲಲ್ಲಾದ್ರೆ 1.2 ಸೆಂ.ಮೀ. ಅಷ್ಟೇ. ಎನ್‌ಸಿಸಿ ಕ್ಯಾಂಪಲ್ಲಿ ರೈಫಲ್ ಹಿಡಿದು ಹೀರೋ ಆದವರು ಇದನ್ನ ಹಿಡಿದಾಗ ಪೆಚ್ಚಾಗೋದು ಇದಕ್ಕೇ.

[ಪರದೆ: ಸೈಟಿನ ಅಡ್ಡಸೀಳು ಚಿತ್ರ]

ಈಗ ಒಳಗೆ ನೋಡ್ರಿ. ಹಿಂದುಗಡೆ ಪುಟ್ಟ ಎಲ್‌ಇಡಿ, ಮುಂದೆ ಸ್ವಲ್ಪ ಬಾಗಿದ ಗಾಜು. ಗಾಜಿನ ಲೇಪನ ಕೆಂಪು ಬೆಳಕನ್ನ ಮಾತ್ರ ಹಿಂದಕ್ಕೆ ತಿರುಗಿಸುತ್ತೆ, ಉಳಿದದ್ದನ್ನ ಒಳಗೆ ಬಿಡುತ್ತೆ. ಆಚೆ ಕಡೆ ಎಲ್ಲಾ ತುಸು ನೀಲಿ ಕಾಣೋದು ಅದಕ್ಕೇ. ಎಲ್‌ಇಡಿ ಗಾಜಿನ ನಾಭಿಯಲ್ಲೇ, ಅಂದ್ರೆ ಫೋಕಸ್ ಬಿಂದುವಲ್ಲೇ, ಇರೋದ್ರಿಂದ ಕಿರಣಗಳು ಸಮಾನಾಂತರವಾಗಿ ವಾಪಸ್ ನಿಮ್ಮ ಕಣ್ಣಿಗೇ ಬರುತ್ವೆ.

ಸಮಾನಾಂತರ ಅಂದ್ರೆ? ರಾತ್ರಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸು, ಕಿಟಕಿ ಸೀಟು. ರಸ್ತೆ ಬದಿಯ ಮೆಕ್ಕೆಜೋಳ ಸರ್ರಂತ ಹಿಂದೆ ಹೋಗುತ್ತೆ. ದುರ್ಗದ ಗುಡ್ಡದ ಮೇಲಿನ ಗಾಳಿಗಿರಣಿಗಳು ಸಾವಕಾಶ ಸರಿಯುತ್ವೆ. ಚಂದ್ರ? ಟಿಕೆಟ್ ತಗೊಂಡವನ ಹಾಗೆ ಪಕ್ಕದಲ್ಲೇ ಬರ್ತಾನೆ! ಅಷ್ಟು ದೂರದಿಂದ ಬರೋ ಕಿರಣಗಳು ಹೆಚ್ಚುಕಮ್ಮಿ ಸಮಾನಾಂತರ. ನೀವು ಸರಿದ್ರೂ ದಿಕ್ಕು ಬದಲಾಗಲ್ಲ. ಕೆಂಪು ಚುಕ್ಕಿ ಗಾಜಿನ ಮೇಲೆ ಅಂಟಿಕೊಂಡ ಮೆಕ್ಕೆಜೋಳ ಅಲ್ಲ, ಚಂದ್ರ. ತಲೆ ಅತ್ತಿತ್ತ ಆಡಿಸಿದ್ರೂ ಅದು ಗುರಿಯನ್ನ ಬಿಟ್ಟು ಕದಲಲ್ಲ. ಹತ್ತಿರದ ಗುರಿಗೆ ತುಸು ವ್ಯತ್ಯಾಸ ಬರುತ್ತೆ, ಆದ್ರೆ ಎರಡು ಸೈಟ್ ಸಾಲಾಗಿ ಹಿಡಿಯೋ ಸರ್ಕಸ್ಸು ತಪ್ಪುತ್ತೆ. ಕಣ್ಣು ಗುರಿ ಮೇಲೆ ಇಟ್ರೆ ಸಾಕು.

[ಪರದೆ: ಲೆನ್ಸ್ ತೀರಾ ಹತ್ತಿರದಿಂದ, ಮೇಲೆ ಮಸಿ]

ಕೆಡೋದು ಎಲ್ಲಿ? ರಿವಾಲ್ವರಲ್ಲಿ ಪಿಸ್ತೂಲಿನ ಹಾಗೆ ಹಿಂದೆ ಮುಂದೆ ಓಡೋ ಸ್ಲೈಡ್ ಇಲ್ಲ, ಸೈಟ್ ಫ್ರೇಮ್ ಮೇಲೆ ಗಟ್ಟಿಯಾಗಿ ಕೂತಿರುತ್ತೆ. ಇದು ಲಾಭ. ಆದ್ರೆ ಸಿಲಿಂಡರಿಗೂ ಬ್ಯಾರೆಲ್ಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇದೆ. ಪ್ರತಿ ಗುಂಡಿಗೂ ಅಲ್ಲಿಂದ ಬಿಸಿ ಅನಿಲ, ಮಸಿ ಹಾರಿ ಗಾಜಿನ ಮುಂಭಾಗಕ್ಕೆ ಬಡಿಯುತ್ತೆ. ಮೆತ್ತನೆ ಬಟ್ಟೆಯಿಂದ ಒರೆಸಿ, ಒರಟಾಗಿ ತಿಕ್ಕಿದ್ರೆ ಲೇಪನ ಹೋಗುತ್ತೆ. ಹಗುರ ರಿವಾಲ್ವರ್ ಒದೆಯೋದು ಜೋರು, ಸ್ಕ್ರೂ ಸಡಿಲಾಗುತ್ತೆ. ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದ ಹಾಗೆ ಹಿಡಿಯೋ ಅಂಟು) ಒಂದು ಹನಿ, ತಯಾರಕರು ಹೇಳಿದಷ್ಟೇ ಬಿಗಿ. ಇನ್ನು ಜೇಬಿನ ಅರಳೆ. ಹತ್ತಿ ಗಿರಣಿ ಊರಿನವರಿಗೆ ಅದನ್ನ ಬೇರೆ ಹೇಳಿಕೊಡಬೇಕಾ? ತೆರೆದ ಸೈಟಲ್ಲಿ ಎಲ್‌ಇಡಿ ಮೇಲೆ ಒಂದು ಎಳೆ ಕೂತ್ರೂ ಚುಕ್ಕಿ ಮಾಯ.

ಟೈಮ್ ಮುಗೀತಾ ಬಂತು, ಉಳಿದದ್ದು ಒಂದೇ ಉಸಿರಲ್ಲಿ. 6 ಎಂಒಎ (ಒಂದು ಎಂಒಎ ಅಂದ್ರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಚುಕ್ಕಿ 10 ಮೀಟರಲ್ಲಿ ಸುಮಾರು 1.7 ಸೆಂ.ಮೀ. ಮುಚ್ಚುತ್ತೆ. ಟ್ರಿಗರ್ ಎಳೆಯುವಾಗ ಚುಕ್ಕಿ ಕುಣಿದ್ರೆ ಕುಣಿಯೋದು ನಿಮ್ಮ ಕೈ, ಮೊದಲೂ ಕುಣೀತಿತ್ತು, ಈಗ ಕಾಣ್ತಿದೆ. ಬ್ರೆಜಿಲ್ಲಿನ ಟಾರಸ್ ಕಂಪನಿಯ 605, 856 ರಿವಾಲ್ವರ್‌ಗಳ ಟೊರೊ (TORO) ಮಾದರಿಗಳಲ್ಲಿ ಸೈಟಿಗೆ ಜಾಗ ಮಾಡಿಯೇ ಕೊಡ್ತಾರೆ. ನಮ್ಮ ಕಾನ್ಪುರದ .32 ನಿರ್ಭೀಕ್ ರಿವಾಲ್ವರಿಗೆ ಫೋರ್‌ಸೈಟ್, ಬ್ಯಾಕ್‌ಸೈಟೇ ಗತಿ. ಅದಕ್ಕೂ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇ ಬೇಕು.

ಕೊನೇದು. ಚುಕ್ಕಿ ಗುಂಡಗೆ ಕಾಣದೆ ಬಾಲ ಬಿಟ್ಟ ನಕ್ಷತ್ರದ ಹಾಗೆ ಕಾಣ್ತಿದ್ಯಾ? ಖಾಲಿ ಮಾಡಿದ ರಿವಾಲ್ವರನ್ನ ಮೇಜಿನ ಮೇಲಿಟ್ಟು ಗಾಜಿನ ಹಿಂದಿನಿಂದ ಮೊಬೈಲಲ್ಲಿ ಫೋಟೋ ತೆಗೀರಿ. ಫೋಟೋದಲ್ಲಿ ಗುಂಡಗಿದ್ರೆ ಸೈಟ್ ವಾಪಸ್ ಕಳಿಸಬೇಡಿ, ಕಣ್ಣಿನ ಡಾಕ್ಟರ್ ಹತ್ರ ಹೋಗಿ.