ವಾರ್ಡ್ ಲೆಕ್ಕ ಬಿಡಿ, ಬ್ಲಾಕ್ ಲೆಕ್ಕ ಕೊಡಿ

ನಮಸ್ಕಾರ. ಬೆಂಗಳೂರಲ್ಲೂ ಜನ ಜಾತಿಗೊಂದು ಕೇರಿ ಅಂತ ಬೇರೆ ಬೇರೆ ವಾಸಿಸ್ತಾರೆ ಅಂತ ಕಳೆದ ವಿಡಿಯೊದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ನಮ್ಮ ವಾರ್ಡಲ್ಲಿ ಎಲ್ಲ ಜಾತಿಯವರೂ ಇದ್ದಾರೆ ಸಾರ್, ಬೆಂಗಳೂರಲ್ಲಿ ಎಲ್ಲಿದೆ ನಿಮ್ಮ ಕೇರಿ?" ಅದಕ್ಕೆ ಲೈಕು ರಾಶಿ ಬಿದ್ದಿದೆ.

ಒಂದೇ ವಾರ್ಡಲ್ಲಿ ಇರೋದು ಬೇರೆ, ಅಕ್ಕಪಕ್ಕದ ಮನೇಲಿ ಇರೋದು ಬೇರೆ. 2011ರ ಗಣತಿಯಲ್ಲಿ ಬೆಂಗಳೂರು ಪಾಲಿಕೆಗೆ 198 ವಾರ್ಡು, 84 ಲಕ್ಷ ಜನ. ವಾರ್ಡಿಗೆ ಸರಾಸರಿ 42 ಸಾವಿರ. ಒಂದು ತಾಲ್ಲೂಕು ಕೇಂದ್ರದಷ್ಟು ಜನ! ಅಷ್ಟು ಜನರನ್ನ ಒಟ್ಟಿಗೆ ಎಣಿಸಿದರೆ ಎಲ್ಲರೂ ಸಿಗ್ತಾರೆ, ಸಿಗದೆ ಏನು? ಗಣತಿದಾರರೊಬ್ಬರಿಗೆ ವಹಿಸೋ ಬ್ಲಾಕ್ ಇದೆಯಲ್ಲ, ಅದರಲ್ಲಿ ಸುಮಾರು 600, 700 ಜನ. ಎರಡು ಮೂರು ಬೀದಿ. ಅಳೆಯಬೇಕಾದ್ದು ಅಲ್ಲಿ.

ಪೆನ್ನು ತಗೊಳ್ಳಿ. ಎರಡೇ ವಾರ್ಡಿನ ಊರು ಅಂದ್ಕೊಳ್ಳಿ. ವಾರ್ಡಿಗೆ ನಾಲ್ಕು ಬ್ಲಾಕು, ಬ್ಲಾಕಿಗೆ 600 ಜನ. ಪ್ರತಿ ವಾರ್ಡಲ್ಲೂ ಒಂದು ಬ್ಲಾಕಿನಲ್ಲಿ 480 ಪರಿಶಿಷ್ಟ ಜಾತಿಯವರು, ಉಳಿದ ಮೂರರಲ್ಲಿ ತಲಾ 40. ಊರಿಗೆಲ್ಲ 1200 ಪರಿಶಿಷ್ಟರು, 3600 ಇತರರು. ಈಗ ಡಿಸಿಮಿಲಾರಿಟಿ ಇಂಡೆಕ್ಸ್ ತೆಗೆಯೋಣ, ಅಂದ್ರೆ ಎರಡು ಗುಂಪು ಎಷ್ಟರ ಮಟ್ಟಿಗೆ ಬೇರೆ ಬೇರೆ ವಾಸಿಸ್ತಿವೆ ಅನ್ನೋ ಅಳತೆ. ಊರಿನ ಪರಿಶಿಷ್ಟರಲ್ಲಿ ಎಷ್ಟು ಪಾಲು ಈ ಬ್ಲಾಕಲ್ಲಿದೆ, ಇತರರಲ್ಲಿ ಎಷ್ಟು ಪಾಲು ಇದೆ, ವ್ಯತ್ಯಾಸ ಬರ್ಕೊಳ್ಳಿ. ಮೈನಸ್ ಬಂದರೆ ಗುರುತು ಬಿಟ್ಟುಬಿಡಿ. ಎಂಟೂ ಬ್ಲಾಕಿನದ್ದು ಕೂಡಿ, ಅರ್ಧ ಮಾಡಿ. 0.73! ಪೂರ್ತಿ ಬೆರೆತಿದ್ದರೆ 0, ಪೂರ್ತಿ ಬೇರೆ ಇದ್ದರೆ 1. ಇದೇ ಲೆಕ್ಕ ವಾರ್ಡ್ ಮಟ್ಟದಲ್ಲಿ ಮಾಡಿ ನೋಡಿ. ಸೊನ್ನೆ. ಒಬ್ಬರೂ ಮನೆ ಬದಲಿಸಿಲ್ಲ, ಕೇರಿ ಮಾಯ!

ಬೆಂಗಳೂರು ಐಐಎಂ ಸಂಶೋಧಕರು ಮಹಾನಗರಗಳ ಬ್ಲಾಕ್ ಮಟ್ಟದ ಅಂಕಿ ಹಿಡಿದು 2018ರಲ್ಲೇ ಇದನ್ನ ತೋರಿಸಿದ್ದಾರೆ. ವಾರ್ಡ್ ಸರಾಸರಿ ಒಳಗಿನದ್ದನ್ನ ಮುಚ್ಚಿಹಾಕುತ್ತೆ. ಆದರೂ ವಾರ್ಡ್, ವಾರ್ಡ್ ಅಂತಲೇ ಜಪ.

ಇನ್ನೊಬ್ಬ ಪಂಡಿತರು: "ಬ್ಲಾಕ್ ಚಿಕ್ಕದಾದರೆ ಇಂಡೆಕ್ಸ್ ತಾನಾಗೇ ಏರುತ್ತೆ." ಏರುತ್ತೆ ಸ್ವಾಮಿ, ಅದರಲ್ಲೂ ಗುಂಪು ತೀರಾ ಸಣ್ಣದಿದ್ದಾಗ. ಅದಕ್ಕೆ ಮದ್ದೂ ಇದೆ. ಬ್ಲಾಕಿನ ಗಾತ್ರ ಹಾಗೇ ಇಟ್ಟು, ಕಂಪ್ಯೂಟರಲ್ಲಿ ಸಾವಿರ ಸಲ ಜನರನ್ನ ಲಾಟರಿ ಎತ್ತಿ ಹಂಚಿ. ಪ್ರತಿ ಸಲವೂ ಇಂಡೆಕ್ಸ್ ತೆಗೀರಿ. ನಮ್ಮ ಲೆಕ್ಕದ ಊರಿಗೆ ಬರೀ ಆಕಸ್ಮಿಕದಿಂದ ಬರೋದು 0.04ರ ಆಸುಪಾಸು. ಎಲ್ಲಿ 0.04, ಎಲ್ಲಿ 0.73?

ವರ್ಷದಿಂದ ವರ್ಷಕ್ಕೆ ಹೋಲಿಸೋದಕ್ಕೂ ವಾರ್ಡ್ ಕೆಲಸಕ್ಕೆ ಬರಲ್ಲ. ಪಾಲಿಕೆ ಒಡೆದು ಐದಾಯ್ತು, ಗೆರೆಗಳೆಲ್ಲ ಹೊಸವು. ಗೆರೆ ಸರಿದರೆ ಸಾಕು, ಅಂಕಿಯೂ ಸರಿಯುತ್ತೆ.

ಗೋಪ್ಯತೆ ಅಂತೀರಾ? ಯಾರ ಹೆಸರು ಕೇಳಿದ್ವಿ? ಬ್ಲಾಕಲ್ಲಿ ಹತ್ತು ಜನಕ್ಕಿಂತ ಕಡಿಮೆ ಇರೋ ಗುಂಪನ್ನ "ಇತರೆ"ಗೆ ಸೇರಿಸಿ, ಮುಗೀತು. 2011ರ ವಾರ್ಡ್ ಪಟ್ಟಿಯಲ್ಲಿ ಜಾತಿ ಬಗ್ಗೆ ಇದ್ದದ್ದೇ ಎರಡು ಕಾಲಂ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ. 2027ರ ಗಣತಿ ಎಲ್ಲ ಜಾತಿಯನ್ನೂ ಬರ್ಕೊಳ್ಳುತ್ತೆ. ಅಷ್ಟೆಲ್ಲ ಬರ್ಕೊಂಡು ಮತ್ತೆ ವಾರ್ಡ್ ಸರಾಸರಿ ಕೊಟ್ಟರೆ ಏನು ಪ್ರಯೋಜನ ಹೇಳಿ? ಬ್ಲಾಕ್ ಕೊಡಿ! ವಾರ್ಡ್ ಬೇಡ, ಬ್ಲಾಕ್!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಲೆಕ್ಕದ ಶೀಟ್ ಡಿಸ್ಕ್ರಿಪ್ಷನ್‌ನಲ್ಲಿದೆ. "ಇತರರು" ಕಾಲಂಗೆ ಒಟ್ಟು ಜನಸಂಖ್ಯೆ ಹಾಕಬೇಡಿ, ಒಟ್ಟಿನಿಂದ ಪರಿಶಿಷ್ಟರನ್ನ ಕಳೆದು ಹಾಕಿ. ತುಂಬಾ ಜನ ಎಡವೋದು ಇಲ್ಲೇ. ಮತ್ತೆ ಯಾರಾದರೂ ವಾರ್ಡ್ ಪಟ್ಟಿ ಮುಂದೆ ಹಿಡಿದರೆ ಒಂದೇ ಮಾತು ಕೇಳಿ: ಬ್ಲಾಕ್ ಎಲ್ಲಿ?